ಹಳೇ ಕಂಪ್ಯೂಟರ್ ಆನ್ ಆಗೋಕೆ ತಡವೇ? ಸ್ಟಾರ್ಟಪ್ ಪಟ್ಟಿ ನೋಡಿ

ತುಮಕೂರಿನ ಜೆರಾಕ್ಸ್ ಅಂಗಡಿಯಲ್ಲಿ ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಪಹಣಿ ಪ್ರಿಂಟ್ ಕೇಳಿಕೊಂಡು ಜನ ಬರುತ್ತಾರೆ. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಆ ಹೊತ್ತಿಗೆ ಮಿಸುಕಾಡುವುದಿಲ್ಲ. ಆನ್ ಆದ ತಕ್ಷಣ ಹತ್ತಾರು ಪ್ರೋಗ್ರಾಂಗಳು ಒಟ್ಟಿಗೇ ಡಿಸ್ಕ್ ಓದಲು ಮುಗಿಬೀಳುತ್ತವೆ. ಡಿಸ್ಕ್ ಓದುವ ಮುಳ್ಳು ಇರುವುದು ಒಂದು ಕಡೆ, ಓಡಬೇಕಾದದ್ದು ಹತ್ತು ಕಡೆ.

ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಚಿಕ್ಕ ಕಿಟಕಿ ಬಂದರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ, 'ಸ್ಟಾರ್ಟಪ್' ಟ್ಯಾಬ್‌ಗೆ ಹೋಗಿ. ಕಂಪ್ಯೂಟರ್ ಜೊತೆಗೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ಇದು. 'ಸ್ಟಾರ್ಟಪ್ ಇಂಪ್ಯಾಕ್ಟ್' ಕೆಳಗೆ 'ಹೈ' ಎಂದಿರುವುದನ್ನು ಮೊದಲು ನೋಡಿ. ಟೀಮ್ಸ್, ಹಾಡು ಕೇಳುವ ಆ್ಯಪ್‌, ಅಡೋಬಿ ಅಪ್‌ಡೇಟರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ಇದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆಯಬಹುದು. ಒನ್‌ಡ್ರೈವ್ (ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಆ್ಯಪ್) ನಿಲ್ಲಿಸುವ ಮುನ್ನ ಮಾತ್ರ ಫೈಲುಗಳ ಬ್ಯಾಕಪ್ ಅದರಲ್ಲೇ ನಡೆಯುತ್ತಿದೆಯೇ ನೋಡಿಕೊಳ್ಳಿ.

ವಿಂಡೋಸ್ ಸೆಕ್ಯುರಿಟಿ, ಟಚ್‌ಪ್ಯಾಡ್, ಸೌಂಡ್ ಇವನ್ನು ಮುಟ್ಟಬೇಡಿ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ 'ಸರ್ವಿಸಸ್' ಪಟ್ಟಿಗೆ ಕೈಹಾಕಿದರೆ ಇನ್ನೂ ಹುಷಾರು: ಬೆರಳಿನ ಗುರುತು ಓದುವ ಸಾಧನವನ್ನು ನಡೆಸುವ ಆರ್‌ಡಿ ಸರ್ವಿಸ್ ನಿಂತರೆ ಬೆರಳು ಇಟ್ಟು ಮಾಡುವ ಆಧಾರ್ ದೃಢೀಕರಣ ಆಗುವುದಿಲ್ಲ, ಪ್ರಿಂಟರ್‌ಗೆ ಕೆಲಸ ಕಳಿಸುವ ಪ್ರಿಂಟ್ ಸ್ಪೂಲರ್ ನಿಂತರೆ ಒಂದು ಹಾಳೆಯೂ ಹೊರಬರುವುದಿಲ್ಲ.

ಒಂದೊಂದೇ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ನೋಡಿ. ಆಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಬಹಳ ಹೊತ್ತು 100% ತೋರಿಸುತ್ತಿದ್ದರೆ ತಿರುಗುವ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿಸುವುದೇ ಸರಿ.