ಕಲ್ಲಿನ ತಟ್ಟೆಯಲ್ಲಿ ಪತ್ರೊಡೆ

ನಿನ್ನೆ ಗೆಳತಿಯೊಟ್ಟಿಗೆ ಕಾಸರಗೋಡಿನ ಬೇಕಲದ ಕಡೆಯ ಒಂದು ಸ್ಟೈಲಿಶ್ ರೆಸ್ಟೋರೆಂಟಿಗೆ ಹೋಗಿದ್ದೆ. ಮೆನು ಓದಲು ಮೊಬೈಲ್ ಟಾರ್ಚ್ ಬೇಕು, ಅಷ್ಟು ಮಬ್ಬು ದೀಪ! ಹುಡುಗ ಮಲಯಾಳದಲ್ಲಿ ಕೇಳಿದ, ಇವಳು ತುಳುವಿನಲ್ಲಿ ಹೇಳಿದಳು, ನಾನು ಕನ್ನಡದಲ್ಲಿ. ಆರ್ಡರೇನೋ ಸರಿಯಾಗಿಯೇ ಬಂತು.

ಕಪ್ಪು ಕಲ್ಲಿನ ತಟ್ಟೆಯಲ್ಲಿ ಕೆಸುವಿನೆಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸಿದ ಪತ್ರೊಡೆ, ನಾಲ್ಕೇ ತುಂಡು, ಮೇಲೆ ಕಾಯಿತುರಿ, ಬದಿಗೊಂದು ಹೂವು. "ಮಳೆಗಾಲದ ಆಟಿ ತಿಂಗಳಲ್ಲಿ ತೋಟದ ಬದಿಯ ಕೆಸುವಿನೆಲೆಗೆ ಕಾಸಿಲ್ಲ ಮಾರಾಯ್ತಿ, ಇಲ್ಲಿ ರೇಟು ನೋಡು" ಅಂದಳು. ಶಾಲೆಗೆ ಇದನ್ನೇ ಬುತ್ತಿ ಕಟ್ಟಿಕೊಟ್ಟರೆ ಮುಚ್ಚಳ ತೆಗೆಯಲು ನಾಚುತ್ತಿದ್ದವರು ನಾವೇ. ಈಗ ಫೋಟೋ ತೆಗೆದು ತಿನ್ನುತ್ತೇವೆ.

ಹುಳಿ ಕಮ್ಮಿಯಾಗಿ ಗಂಟಲು ತುಸು ತುರಿಸಿತು. ಕೆಸುವಿಗೆ ಹುಣಸೆ ಧಾರಾಳ ಬೇಕೆಂದು ಶೆಫ್‌ಗೆ ಯಾರಾದರೂ ಅಜ್ಜಿ ಹೇಳಬೇಕು. ಪುನರ್ಪುಳಿ (ಕೋಕಂ) ಶರಬತ್ತು ಮಾತ್ರ ಫಸ್ಟ್‌ಕ್ಲಾಸ್, ಎರಡೆರಡು ಗ್ಲಾಸು ಇಳಿಸಿದೆವು.