"ನನ್ನ ರಕ್ತ ಕೊಂಡುಹೋಗಿ ಎಂತ ಮಾಡುತ್ತೀರಿ?"

ಗಂಟುವಾತದ ಹೊರರೋಗಿ ವಿಭಾಗದ ಪಕ್ಕದಲ್ಲಿ ಒಂದು ಪುಟ್ಟ ಕೋಣೆ. ಅಲ್ಲಿ ಕುಳಿತು ಸಂಶೋಧನೆಗೆಂದು ರಕ್ತದ ಮಾದರಿ ಸಂಗ್ರಹಿಸುವುದು ನನ್ನ ಕೆಲಸ. ಕುಂದಾಪುರದಿಂದ, ಕಾರ್ಕಳದಿಂದ, ಕಾಪುವಿನಿಂದ ಬೆಳಗಿನ ಬಸ್ಸು ಹಿಡಿದು ಉಡುಪಿಗೆ ಬರುವವರು ತೋಳು ಚಾಚುವ ಮೊದಲು ಕೇಳುವುದು ಒಂದೇ ಮಾತು: "ಇದನ್ನು ಕೊಂಡುಹೋಗಿ ಎಂತ ಮಾಡುತ್ತೀರಿ? ನನಗೇನು ಪ್ರಯೋಜನ?" ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿಗೂ ಈ ಪ್ರಶ್ನೆ ಬಂದದ್ದುಂಟು. ಒಮ್ಮೆ ಬರೆದೇ ಬಿಡುತ್ತೇನೆ.

ನಿಮಗೆ ಪ್ರಯೋಜನವಿಲ್ಲ. ಈಗಂತೂ ಇಲ್ಲ.

ಮೊದಮೊದಲು ನಾನು ಹೀಗೆ ಹೇಳುತ್ತಿರಲಿಲ್ಲ. "ಮುಂದೆ ನಿಮಗೇ ಒಳ್ಳೆಯದಾಗುತ್ತದೆ ಅಮ್ಮ" ಎಂದು ಸಕ್ಕರೆ ಬೆರೆಸುತ್ತಿದ್ದೆ. ಶಂಕರಪುರದ ಕಡೆಯ ಒಬ್ಬ ಹೆಂಗಸು ಅದನ್ನು ನಂಬಿ, ಆರು ತಿಂಗಳ ಮೇಲೆ ಬಂದು "ನನ್ನ ರಿಪೋರ್ಟ್ ಬಂತೇ?" ಎಂದು ಕೇಳಿದರು. ಕೊಡಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಅವರದು ಮಲ್ಲಿಗೆ ಕಟ್ಟುವ ಮನೆ. ನಸುಕಿನಲ್ಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಂದೇ ಮಾರಾಟಕ್ಕೆ ಮುಟ್ಟಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅವರಿಗಿರುವ ಗಂಟುವಾತ, ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ. ಅದಕ್ಕೋ ಬೆಳಗೇ ಪ್ರಿಯ. ಎದ್ದ ಮೇಲೆ ಒಂದು ತಾಸು, ಕೆಲವರಿಗೆ ಎರಡು ತಾಸು, ಬೆರಳಿನ ಬುಡದ ಗಂಟುಗಳು ಬಾತು, ಮುಷ್ಟಿ ಕಟ್ಟಲಾಗದಷ್ಟು ಬಿಗಿದುಕೊಂಡಿರುತ್ತವೆ. ಮೊಗ್ಗು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನಿಲ್ಲದೆ ಜಾರಿ ಮೊರಕ್ಕೆ ಬೀಳುವುದನ್ನು ಅವರು ಬರಿಗೈಯಲ್ಲಿ ಅಭಿನಯಿಸಿ ತೋರಿಸಿದ್ದರು. ಕೈ ಸಡಿಲವಾಗುವ ಹೊತ್ತಿಗೆ ಊರಿನ ಹೂವೆಲ್ಲ ಹೋಗಿಯಾಗಿರುತ್ತದೆ.

ಅವರ ರಕ್ತಕ್ಕೆ ಏನಾಯಿತು? ಕೊಳವೆಯ ಮೇಲೆ ಹೆಸರಿನ ಬದಲು ಒಂದು ಸಂಖ್ಯೆ ಬರೆದೆವು. ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದಾಗ ಕೆಂಪು ಕಣಗಳು ತಳ ಸೇರಿ, ಕುಚ್ಚಲಕ್ಕಿ ಗಂಜಿಯ ತಿಳಿಯಂತೆ ಹಳದಿ ದ್ರವ ಮೇಲೆ ನಿಂತಿತು. ನಡುವೆ ಒಂದು ತೆಳು ಬಿಳಿ ಪದರ. ನಮ್ಮ ಕಣ್ಣಿರುವುದು ಅದರ ಮೇಲೆ, ರೋಗನಿರೋಧಕ ಕಣಗಳಿರುವುದು ಅಲ್ಲೇ. ಬೇರ್ಪಡಿಸಿದ್ದನ್ನು ಮೈನಸ್ 80 ಡಿಗ್ರಿಯಲ್ಲಿ ಇಟ್ಟೆವು. (ಜೂನ್ ಗಾಳಿಮಳೆಗೆ ಕರೆಂಟು ಹೋದಾಗ ನಾನು ಮೊದಲು ನೆನೆಯುವುದು ದೇವರನ್ನಲ್ಲ, ಜನರೇಟರನ್ನು.) ಇಂಥ ನೂರಾರು ಕೊಳವೆಗಳು ಸೇರಿದ ಮೇಲಷ್ಟೇ ಏನಾದರೂ ಕಾಣಿಸೀತು. ಒಬ್ಬರ ಕೊಳವೆಗೆಂದು ಬೇರೆ ರಿಪೋರ್ಟ್ ಬರುವುದಿಲ್ಲ.

ಹಾಗಾದರೆ ಯಾಕೆ ಕೊಡಬೇಕು? ನಿಮ್ಮ ಚೀಲದಲ್ಲಿರುವ ಮದ್ದು ನೋಡಿ. ಮಲೇರಿಯಾಕ್ಕೆಂದು ಹುಟ್ಟಿದ ಔಷಧಗಳ ವಂಶದ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದು. ಒಂದು ಕಾಲಕ್ಕೆ ಮಲೇರಿಯಾಕ್ಕೆ ಹೆಸರಾಗಿದ್ದ ಮಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇನ್ನೊಂದು, ವಾರಕ್ಕೊಮ್ಮೆ ಮಾತ್ರ ನುಂಗುವ ಮೆಥೊಟ್ರೆಕ್ಸೇಟ್. ಕ್ಯಾನ್ಸರಿಗೆ ಕೊಡುತ್ತಿದ್ದ ಈ ಮದ್ದಿಗೆ ಸಂಧಿವಾತದ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಮಾತು ಬಂತೆಂದು ಹೇಳುತ್ತೇನೆ, ಅದನ್ನು ಮರೆತೂ ದಿನಾ ನುಂಗಬೇಡಿ, ಜೀವಕ್ಕೇ ಸಂಚಕಾರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಂಡನ್ನಿನ ಕಥೆ. 1980ರ ದಶಕದಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಭಾರತದಲ್ಲಿ ಹುಟ್ಟಿದ ರವೀಂದರ್ ಮೈನಿ ಎಂಬ ವಿಜ್ಞಾನಿಗಳು ರೋಗಿಗಳ ಗಂಟಿನಿಂದ ತೆಗೆದ ಒಳಪೊರೆಯ ಚೂರುಗಳನ್ನು ತಟ್ಟೆಯಲ್ಲಿ ಬೆಳೆಸಿದರು. ಉರಿಯೂತ ಹುಟ್ಟಿಸುವ ಹಲವು ರಾಸಾಯನಿಕಗಳು ಅದರಿಂದ ಸುರಿಯುತ್ತಿದ್ದವು. ಟಿಎನ್‌ಎಫ್ ಎಂಬ ಒಂದನ್ನು ತಡೆದರೆ ಉಳಿದವೂ ತಗ್ಗಿದವು. 1992ರಲ್ಲಿ ಅದೇ ತಡೆಯನ್ನು ರೋಗಿಗಳಿಗೆ ಚುಚ್ಚುಮದ್ದಾಗಿ ಕೊಟ್ಟು ನೋಡಿದರು, ಗಂಟುಗಳ ಬಾವು ಇಳಿಯಿತು. ಪೊರೆಯ ಚೂರು ಕೊಟ್ಟವರಿಗೂ ಅಂದು ರಿಪೋರ್ಟ್ ಸಿಕ್ಕಿರಲಾರದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮದ್ದು ಬಳಕೆಗೆ ಬಂದ ಮೇಲೆ ಕೆಲವರಲ್ಲಿ ಅಡಗಿದ್ದ ಕ್ಷಯ ಎದ್ದುಕೊಂಡಿತು, 2001ರಲ್ಲಿ ವರದಿಯಾಯಿತು. ಕ್ಷಯದ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದಲ್ಲಿ ಕಟ್ಟಿಹಾಕುವ ಗೋಡೆಗೂ ಟಿಎನ್‌ಎಫ್ ಬೇಕು. ಇವತ್ತು ಆ ಚುಚ್ಚುಮದ್ದಿಗೆ ಮೊದಲು ಎದೆಯ ಎಕ್ಸ್‌ರೇ ಮಾಡಿಸುವುದು ಅದಕ್ಕೇ. ಪ್ರಯೋಗಾಲಯದಿಂದ ಹಾಸಿಗೆಗೆ, ಹಾಸಿಗೆಯಿಂದ ಮತ್ತೆ ಪ್ರಯೋಗಾಲಯಕ್ಕೆ: ನಮ್ಮ ಕೆಲಸದ ಓಡಾಟವೇ ಇದು.

ಇನ್ನು ಕಾರಣ. "ಹುಳಿ ತಿಂದದ್ದಕ್ಕೆ ಬಂತೇ, ಮಳೆಯಲ್ಲಿ ನೆನೆದದ್ದಕ್ಕೆ ಬಂತೇ?" ಎಂದು ಕೇಳುತ್ತಾರೆ. ಎರಡೂ ಅಲ್ಲ. 2008ರಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳನ್ನು ಮಲಗಿಸಿದ ಚಿಕೂನ್‌ಗುನ್ಯಾದ ಗಂಟುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಇದರಂತೆಯೇ ಕಾಡುತ್ತದೆ, ಆದರೆ ಅದು ಬೇರೆ ಕಾಯಿಲೆ. ರೋಗನಿರೋಧಕ ಶಕ್ತಿ ಕಡಿಮೆಯಾಗಿದೆ ಎಂದು ಕಷಾಯ ಕುಡಿಯುವವರಿಗಂತೂ ಏನು ಹೇಳಲಿ! ಇಲ್ಲಿ ಕಡಿಮೆಯಾದದ್ದು ಶಕ್ತಿಯಲ್ಲ, ವಿವೇಚನೆ. ದೇಹದ್ದೇ ಪ್ರೋಟೀನಿನಲ್ಲಿ ಅರ್ಜಿನಿನ್ ಎಂಬ ಅಂಶ ಸಿಟ್ರುಲಿನ್ ಆಗಿ ಬದಲಾದಾಗ ಕೆಲವರ ಶರೀರ ಅದನ್ನು ಪರಕೀಯವೆಂದು ಬಗೆಯುತ್ತದೆ. ಅದರ ವಿರುದ್ಧದ ಪ್ರತಿಕಾಯಗಳು (ಪರಕೀಯವೆನಿಸಿದ್ದನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನುಗಳು) ನೋವಿಗಿಂತ ವರ್ಷಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಕೆಲವು ವಂಶವಾಹಿಗಳ ಜೊತೆ ಧೂಮಪಾನ ಸೇರಿದರೆ ಅಪಾಯ ಹೆಚ್ಚು ಎಂದು ಸ್ವೀಡನ್ನಿನವರು ಕಂಡುಕೊಂಡರು. ವಸಡಿನ ಸೋಂಕಿನ ಮೇಲೂ ಗುಮಾನಿಯಿದೆ.

ಆದರೆ ನಮ್ಮ ಮಲ್ಲಿಗೆಯಮ್ಮ ಬೀಡಿ ಸೇದಿದವರಲ್ಲ. ಸ್ವೀಡನ್ನಿನ ಧೂಮಪಾನಿಯ ಉತ್ತರ ಅವರಿಗೆ ಹೊಂದುವುದಿಲ್ಲ. ಅವರ ಕೊಳವೆ ನಮಗೆ ಬೇಕಾಗಿರುವುದು ಇದಕ್ಕಾಗಿ.

ಇದನ್ನೆಲ್ಲ ಅವರಿಗೆ ಹೇಳಿ, ಮೊದಲು ಸುಳ್ಳು ಹೇಳಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವರು ರಿಪೋರ್ಟಿನ ಮಾತು ಬಿಟ್ಟು, "ನನ್ನ ಮಗಳಿಗೂ ಬರುತ್ತದೆಯೇ?" ಎಂದರು. ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ಆದರೂ ಹೆಚ್ಚಿನವರಿಗೆ ಬರುವುದಿಲ್ಲ ಎಂದೆ. ಪ್ರತಿಕಾಯವಿದ್ದು ಕೀಲುನೋವು ಶುರುವಾದವರಿಗೆ ಅಬಾಟಾಸೆಪ್ಟ್ ಎಂಬ ಮದ್ದು ಕೊಟ್ಟರೆ, ಕೊಡುವಷ್ಟು ಕಾಲ ರೋಗ ಬಲಿಯುವುದು ಕಡಿಮೆಯಾಗುತ್ತದೆ ಎಂದು 2024ರಲ್ಲಿ ಪ್ರಕಟವಾದುದನ್ನೂ ಹೇಳಿದೆ, ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದು ಒತ್ತಿ ಹೇಳಿದೆ.

"ಹಾಗಾದರೆ ಅವಳನ್ನೂ ಕರೆತರಲೇ?"

"ಅವರೇ ಒಪ್ಪಿ ಬರಬೇಕು ಅಮ್ಮ. ಒಪ್ಪಿಗೆ ಪತ್ರ ಓದಿ, ಬೇಡವೆನಿಸಿದರೆ ವಾಪಸು ಹೋಗಬಹುದು."

"ಬೆಳಗ್ಗೆ ಅವಳು ಹೂವಿಗೆ ಕುಳಿತಿರುತ್ತಾಳೆ. ಮಧ್ಯಾಹ್ನದ ಮೇಲೆ ಆಗುತ್ತದೆಯೇ?"

ನಾಲ್ಕೂವರೆವರೆಗೆ ಇರುತ್ತೇನೆ ಎಂದೆ.