ಅಜ್ಜಿಗೆ ಎಡೆ ಇಡುವಾಗ

ಭಾದ್ರಪದ ಬಹುಳದ ಹದಿನೈದು ದಿನ ಹಿರಿಯರ ಪಾಲಿನದು. ಹಳೇ ಮೈಸೂರು ಸೀಮೆಯಲ್ಲಿ ಇದು ಪಕ್ಷದ ಹಬ್ಬ, ಹಿರಿಯರ ಹಬ್ಬ. ಹೆಚ್ಚಿನ ಮನೆಗಳಲ್ಲಿ ಎಡೆ ಇಡುವುದು ಮಹಾಲಯ ಅಮಾವಾಸ್ಯೆಯ ದಿನವೇ. 2025ರಲ್ಲಿ ಅದು ಸೆಪ್ಟೆಂಬರ್ 21ಕ್ಕೆ ಬಂದಿತ್ತು, 2026ರಲ್ಲಿ ಅಕ್ಟೋಬರ್ 10ಕ್ಕೆ. ಹೆಸರಿಗೆ ಇದು ಪಿತೃಪಕ್ಷ. ಆದರೆ ಹಬ್ಬದ ಹಿಂದಿನ ವಾರದಿಂದಲೇ ಅಡುಗೆಮನೆಯಲ್ಲಿ ಓಡಾಡುವ ಮಾತೆಲ್ಲ ಅಜ್ಜಿಯದು: ಪಾಕ ಇಷ್ಟಕ್ಕೆ ಇಳಿಸುತ್ತಿದ್ದಳು, ಸಾರಿಗೆ ಇಷ್ಟೇ ಹುಳಿ ಹಿಂಡುತ್ತಿದ್ದಳು.

ತರ್ಪಣ ಬಿಡುವ ಮನೆಗಳಲ್ಲೂ ಅಜ್ಜಿಗೆ ಜಾಗವಿದೆ. ಪಿತಾಮಹಿ, ಮಾತಾಮಹಿ ಎಂದು ತಂದೆಯ ತಾಯಿಗೂ ತಾಯಿಯ ತಾಯಿಗೂ ಬೇರೆ ಬೇರೆಯಾಗಿ ಎಳ್ಳುನೀರು ಬಿಡುತ್ತಾರೆ. ಮುತ್ತೈದೆಯಾಗಿ ಹೋದವಳಿಗೆ ಅಮಾವಾಸ್ಯೆಯವರೆಗೆ ಕಾಯಬೇಕಿಲ್ಲ. ಪಕ್ಷದ ನವಮಿಯೇ ಅವಿಧವಾ ನವಮಿ. ಅಂದು ಮುತ್ತೈದೆಯೊಬ್ಬರನ್ನು ಕರೆದು ಊಟ ಹಾಕಿ, ಅರಿಶಿನ ಕುಂಕುಮ, ಹೂವು, ಬಳೆ, ರವಿಕೆ ಕಣ ಕೊಡುವುದು ವಾಡಿಕೆ.

ಎಡೆಯ ತಯಾರಿ ಶುರುವಾಗುವುದು ಕಜ್ಜಾಯದಿಂದ, ಅದೂ ಮೂರ್ನಾಲ್ಕು ದಿನ ಮೊದಲು. ಒಂದು ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲ. ಕುಚ್ಚಲಕ್ಕಿ, ಸ್ಟೀಮ್ ಅಕ್ಕಿ ಇದಕ್ಕೆ ಆಗಿಬರುವುದಿಲ್ಲ. ಅಕ್ಕಿಯನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ನಡುವೆ ನೀರು ಬದಲಾಯಿಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಅರ್ಧ ಗಂಟೆ ಹರವಬೇಕು. ಹಿಡಿ ಹಿಡಿದರೆ ಒಟ್ಟಾಗಬೇಕು, ಅಂಗೈಗೆ ನೀರು ಅಂಟಬಾರದು. ಆ ತೇವದಲ್ಲೇ ಬೀಸಿ ಜರಡಿ ಹಿಡಿಯುವುದು. ಅಕ್ಕಿ ಪೂರ್ತಿ ಒಣಗಿಬಿಟ್ಟರೆ ಕಜ್ಜಾಯ ತಟ್ಟುವಾಗ ಅಂಚು ಬಿರಿಯುತ್ತದೆ. ಅಂಗಡಿಯ ಅಕ್ಕಿಹಿಟ್ಟು ಈ ಕೆಲಸಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ.

ಇನ್ನು ಪಾಕ. ಎಷ್ಟೋ ಕಜ್ಜಾಯ ಕೆಡುವುದು ಇಲ್ಲಿಯೇ. ಬೆಲ್ಲ ಕರಗುವಷ್ಟೇ ನೀರು ಹಾಕಿ, ಕರಗಿದ ಮೇಲೆ ಸೋಸಿ, ಮತ್ತೆ ಒಲೆಗೇರಿಸಬೇಕು. ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆಯಾಗಬೇಕು. ನೀರಿನಲ್ಲಿ ಹರಡಿದರೆ ಇನ್ನೂ ಎಳಸು. ಆ ಪಾಕಕ್ಕೆ ಹಿಟ್ಟು ಹಾಕಿದರೆ ಕಜ್ಜಾಯ ಎಣ್ಣೆಯಲ್ಲಿ ಚೆದುರಿಹೋಗುತ್ತದೆ. ಉಂಡೆ ಬಟ್ಟಲಿಗೆ ಬಡಿದು ಟಣ್ ಎಂದರೆ ಏರಿದೆ, ಕಜ್ಜಾಯ ಕಲ್ಲಾಗುತ್ತದೆ. ಹಳೆಯದಾಗಿ ನೀರೊಡೆದ ಬೆಲ್ಲಕ್ಕೆ ಎಷ್ಟು ಕಾಯಿಸಿದರೂ ಸರಿಯಾದ ಹದ ಸಿಗುವುದಿಲ್ಲ. ಪಾಕ ಇಳಿಸಿ ಎಳ್ಳು, ಗಸಗಸೆ, ಏಲಕ್ಕಿ ಸೇರಿಸಿ, ಹಿಟ್ಟನ್ನು ಹಿಡಿ ಹಿಡಿಯಾಗಿ ಉದುರಿಸುತ್ತ ತಿರುವಬೇಕು. ಪಾಕ ಹಿಡಿಯುವಷ್ಟೇ ಹಿಟ್ಟು, ಒಂದು ಹಿಡಿ ಉಳಿದರೂ ಚಿಂತೆಯಿಲ್ಲ. ಇಳಿಸಿದಾಗ ದೋಸೆ ಹಿಟ್ಟಿಗಿಂತ ಗಟ್ಟಿ ಇದ್ದರೆ ಸಾಕು, ಮಾರನೆಯ ದಿನಕ್ಕೆ ಬಿಗಿಯುತ್ತದೆ. ತೀರಾ ಬಿಗಿದರೆ ಚಮಚ ಚಮಚ ಹಾಲು ಹಾಕಿ ನಾದಿದರೆ ದಾರಿಗೆ ಬರುತ್ತದೆ. ಬಾಳೆಲೆಗೆ ಎಣ್ಣೆ ಸವರಿ ತಟ್ಟಿ, ಸಣ್ಣ ಉರಿಯಲ್ಲಿ ಬೇಯಿಸಿ, ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸಬೇಕು. ಮೊದಲು ಒಂದನ್ನೇ ಬಿಟ್ಟು ನೋಡುವುದು ಜಾಣತನ.

ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ. ಕೈಅಂದಾಜು ಇಲ್ಲದವರು ಉಪ್ಪನ್ನು ಅಳೆದೇ ಹಾಕಲಿ: ಒಂದು ಲೀಟರ್ ಸಾರಿಗೆ ಒಂದೂವರೆ ಟೀ ಚಮಚ ಪುಡಿಯುಪ್ಪು. ಕಲ್ಲುಪ್ಪಾದರೆ ಚಮಚದಲ್ಲಿ ಸಂದಿ ಉಳಿಯುವುದರಿಂದ ತುಸು ಹೆಚ್ಚು ಬೇಕು.

ಎಡೆಯ ಜಾಗ ಸಾರಿಸಿ, ಮಣೆ ಹಾಕಿ, ಕಳಶ ಇಟ್ಟು, ಅಜ್ಜಿಯ ಪಟಕ್ಕೆ ಹೂ ಮುಡಿಸಿ, ಮಡಿಸಿದ ಸೀರೆ, ಬಳೆ ಇಡುತ್ತಾರೆ. ವಿಧವೆಯಾಗಿ ಹೋದವಳಿಗೆ ಬಿಳಿ ಸೀರೆ ಎನ್ನುವ ಮನೆಗಳುಂಟು. ಬದುಕಿನ ಕೊನೆಗೆ ಊರು ಉಡಿಸಿದ ಸೀರೆಗಿಂತ ಅವಳು ಆಸೆಪಟ್ಟು ಉಟ್ಟ ಬಣ್ಣವನ್ನೇ ಇಡುವುದು ಮೇಲು. ಭಕ್ತಿಗೆ ಅದರಿಂದ ಕುಂದಿಲ್ಲ. ಬಾಳೆಲೆಯ ಕುಡಿ ಉಣ್ಣುವವರ ಎಡಕ್ಕೆ ಬರಬೇಕು, ಅಂದರೆ ಪಟದ ಕಡೆ ನಿಂತು ನೋಡಿ ಹಾಕಬೇಕು. ನಮ್ಮ ಎಡಕ್ಕೆ ಹಾಕಿದರೆ ಅವಳಿಗೆ ತಿರುವುಮುರುವು.

ಎಲೆಯ ಮೇಲಿನ ಪಟ್ಟಿ ಪಂಚಾಂಗದಲ್ಲಿ ಸಿಗುವುದಿಲ್ಲ. ಕಜ್ಜಾಯ, ವಡೆ, ಪಾಯಸ ಎಲ್ಲರ ಮನೆಯಲ್ಲೂ ಇದ್ದದ್ದೇ. ಹಲ್ಲು ಬಿದ್ದಿದ್ದ ಅಜ್ಜಿಗೆ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಇಡಬೇಕು. ಮುದ್ದೆ ಇಲ್ಲದೆ ಉಂಡಂತಾಗದವಳಿಗೆ ಅನ್ನದ ಪಕ್ಕ ಪುಟ್ಟ ಮುದ್ದೆ. ಹೊಗೆಸೊಪ್ಪಿನ ಎಸಳು, ನಶ್ಯದ ಡಬ್ಬಿ ಇಡಲು ನಾಚಬೇಕಿಲ್ಲ. ಮಾಂಸದ ಮನೆಯಾದರೆ ನಾಟಿಕೋಳಿ ಸಾರೂ ಬರುತ್ತದೆ. 2024ರಲ್ಲಿ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಂದು, ಬೆಂಗಳೂರಿನಲ್ಲಿ ಅಂದು ಮಾಂಸ ಮಾರಾಟಕ್ಕೆ ನಿಷೇಧ ಇರುವುದರಿಂದ ಅಂಥ ಮನೆಗಳಿಗೆ ಪೇಚಾಟ. ಅವಳ ಇಷ್ಟಗಳು ಗೊತ್ತಿರುವುದು ಹಿರಿಯ ಮಗಳಿಗೋ ಸೊಸೆಗೋ. ಅವರನ್ನು ಕೂರಿಸಿಕೊಂಡು ಕೇಳಿ, ಅಳತೆ ಸಮೇತ ಒಂದು ಹಾಳೆಯಲ್ಲಿ ಬರೆದು ಪಟದ ಹಿಂದೆ ಅಂಟಿಸಿಬಿಡಿ.

ತೆಂಗಿನ ಚಿಪ್ಪಿನ ಕೆಂಡ ಪೂರ್ತಿ ಕೆಂಪಾಗಿ ಹೊಗೆ ನಿಂತ ಮೇಲೆ ಸಾಂಬ್ರಾಣಿ. ಅರೆಬೆಂದ ಚಿಪ್ಪಿನ ಮೇಲೆ ಹಾಕಿದರೆ ಕಣ್ಣುರಿ ಮಾತ್ರ, ಪರಿಮಳ ಬಾರದು. ಹಿರಿಯರಿಂದ ಕೂಸಿನವರೆಗೆ ಒಬ್ಬೊಬ್ಬರೇ ಧೂಪ ಹಾಕಿ ಅಡ್ಡಬಿದ್ದು ಹೊರಬರುತ್ತಾರೆ. ಬಾಗಿಲು ಮುಂದೆ ಮಾಡಿ, ಹತ್ತು ಹದಿನೈದು ನಿಮಿಷ ಯಾರೂ ಒಳಗೆ ಹೋಗುವುದಿಲ್ಲ. ಆ ಹೊತ್ತು ಒಳಗಿರುವುದು ಬೆಂಕಿ ಮತ್ತು ಸೀರೆ ಎಂಬುದು ನೆನಪಿರಲಿ. ದೀಪವೂ ಕೆಂಡದ ಪಾತ್ರೆಯೂ ಬಟ್ಟೆಯಿಂದ ಮೊಳ ದೂರ, ಫ್ಯಾನ್ ಬಂದ್. ಬಳಿಕ ಬಾಗಿಲು ತಟ್ಟಿಯೇ ಒಳಹೋಗುವುದು. ಊಟಕ್ಕೆ ಕೂತವಳ ಮುಂದೆ ಧಡಕ್ಕನೆ ನುಗ್ಗಬಾರದಲ್ಲ.

ಕಾಗೆಯ ಪಾಲಿಗೆ ಪ್ರತಿ ಪದಾರ್ಥದಿಂದ ಚೂರು ಚೂರು ತೆಗೆದು ಮಾಡಿನ ಮೇಲಿಡಬೇಕು. ಕಾಗೆ ಮುಟ್ಟಲಿಲ್ಲ, ಅಜ್ಜಿಗೆ ಕೋಪ ಎಂದು ಕೊರಗುವವರು ಗಡಿಯಾರ ನೋಡಿದರೆ ಒಳ್ಳೆಯದು: ಸಂಜೆ ಎಡೆ ಇಡುವ ಮನೆಗಳಲ್ಲಿ ಪಾಲು ಹೊರಬರುವಷ್ಟರಲ್ಲಿ ಕಾಗೆಗಳು ಗೂಡು ಸೇರಿರುತ್ತವೆ. ಹೊತ್ತು ಮುಳುಗಲು ಗಂಟೆಯಿರುವಾಗಲೇ ಇಟ್ಟರೆ ಆ ಕೊರಗಿಲ್ಲ.

ಮಾರನೆಯ ದಿನವೇ ಆಶ್ವಯುಜ ಪಾಡ್ಯ, ನವರಾತ್ರಿ. ಬೊಂಬೆ ಕೂರಿಸುವ ಮನೆಗಳಲ್ಲಿ ಅದೇ ಜಾಗ ಬೇಕು. ಹಾಗಾಗಿ ರಾತ್ರಿಯೇ ಕಳಶದ ನೀರು ಗಿಡಕ್ಕೆ, ಕಾಯಿ ಅಡುಗೆಗೆ, ಕಜ್ಜಾಯ ಹೆಣ್ಣುಮಕ್ಕಳ ಬುತ್ತಿಗೆ. ಸೀರೆ ಮನೆಯ ಸೊಸೆಗೋ ಮೊಮ್ಮಗಳಿಗೋ, ಬೀರುವಿನಲ್ಲಿಡದೆ ಉಟ್ಟುಕೊಳ್ಳಲಿ.